ಕಾವೇರಿ ಬಂತೆಂದು ಕಾಲಡಿಯ ನೀರನ್ನು ಕೈಬಿಡಲಾಗದು

"ಕಾವೇರಿ ಕುಡಿಯೋಕೆ, ಬೋರ್ ನೀರು ಬಳಸೋಕೆ." ಬೆಂಗಳೂರಿನ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಬಾಡಿಗೆ ಮನೆ ನೋಡಲು ಹೋದವರಿಗೆ ಮನೆಯವರು ಮೊದಲು ಹೇಳುವ ಮಾತುಗಳಲ್ಲಿ ಇದೂ ಒಂದು. ಅಡುಗೆಮನೆಯಲ್ಲಿ ಎರಡು ನಲ್ಲಿ. ಒಂದರ ನೀರು ಬಾಯಿಗೆ, ಇನ್ನೊಂದರದು ಪಾತ್ರೆಗೆ. ಮನೆಯ ಮಟ್ಟಿಗೆ ಇದು ಜಾಣ ಏರ್ಪಾಡೇ ಇರಬಹುದು. ಆದರೆ ಈ ಮಾತು ಅಡುಗೆಮನೆಯ ಹೊಸ್ತಿಲು ದಾಟಿ ಊರಿನ ನೀರಿನ ನೀತಿಯಾಗಿಬಿಟ್ಟಿದೆ. ಕುಡಿಯುವ ನೀರು ನೂರು ಕಿಲೋಮೀಟರ್ ಆಚೆ ಕಾವೇರಿ ನೀರೆತ್ತುವ ತೊರೆಕಾಡನಹಳ್ಳಿಯಿಂದ ಬರುತ್ತದೆ, ನಮ್ಮ ಕಾಲಡಿಯದು ಕುಡಿಯುವ ನೀರೇ ಅಲ್ಲ, ಹಾಗಾಗಿ ಅದಕ್ಕೆ ಕಾವಲೂ ಬೇಡ, ನಕ್ಷೆಯೂ ಬೇಡ. ಎಂಜಿನಿಯರುಗಳು, ಬಿಲ್ಡರುಗಳು, ಅಪಾರ್ಟ್‌ಮೆಂಟ್ ಸಂಘದವರು, ಪರಿಸರದ ಕಾಳಜಿಯುಳ್ಳ ಹಲವರು ಕೂಡ ಈ ತೀರ್ಮಾನವನ್ನು ಒಪ್ಪಿಕೊಂಡು ಕುಳಿತಿದ್ದಾರೆ. ಇದು ತಪ್ಪು ತೀರ್ಮಾನ. ಇದರ ಒಂದೊಂದು ಮೆಟ್ಟಿಲೂ ತಪ್ಪು.

ಅವರ ವಾದವನ್ನು ಅದರ ಪೂರ್ತಿ ಬಲದೊಂದಿಗೇ ಮುಂದಿಡುತ್ತೇನೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಮೊದಲಿನ 1,450 ದಶಲಕ್ಷ ಲೀಟರಿಗೆ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಸೇರಿತು. ಬೆಂಗಳೂರು ನಗರ ಜಿಲ್ಲೆಯ ಅಂತರ್ಜಲವನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯ ಪಟ್ಟಿಗೆ ಸೇರಿಸಿ ಎಷ್ಟೋ ವರ್ಷಗಳಾದವು. ಹಳೆ ಬಡಾವಣೆಗಳ ನೆಲದೊಳಗೆ ಒಳಚರಂಡಿ ಸೋರಿ ಸೋರಿ ನೈಟ್ರೇಟ್ ತುಂಬಿದೆ. ಇಷ್ಟು ಕೆಟ್ಟ, ಇಷ್ಟು ಕಡಿಮೆಯಾದ ನೀರಿಗೆ ರಕ್ಷಣಾ ವಲಯ (ಕುಡಿಯುವ ನೀರಿನ ಮೂಲ ಕೆಡದಂತೆ ಅದರ ಸುತ್ತ ಗಡಿ ಹಾಕಿದ ನೆಲ) ಗುರುತಿಸುತ್ತಾ ಕೂರುವ ಬದಲು ಕಾವೇರಿ ಪೈಪು ಸರಿಮಾಡಿ, ಬೋರ್ ನೀರನ್ನು ಶೌಚಾಲಯಕ್ಕೂ ಗಿಡಕ್ಕೂ ಬಿಡಿ ಎನ್ನುತ್ತಾರೆ. ಕೇಳುವುದಕ್ಕೆ ಲೆಕ್ಕಾಚಾರದ ಮಾತು. ಆದರೆ ಈ ಲೆಕ್ಕ ನಿಂತಿರುವುದು ಪೈಪಿನ ನೀರು ಬೇರೆ, ನೆಲದ ನೀರು ಬೇರೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆಗೇ ಬುಡವಿಲ್ಲ.

ಚಾಮರಾಜಪೇಟೆಯ ಯಾವುದಾದರೂ ಅಡ್ಡರಸ್ತೆಯ ಕೆಳಗೆ ಏನಿದೆ ಎಂದು ನೋಡೋಣ. ಕಾವೇರಿಯ ಪೈಪಿದೆ, ಅದರ ಪಕ್ಕದಲ್ಲೋ ಕೆಳಗೋ ಒಳಚರಂಡಿಯ ಪೈಪಿದೆ, ಎರಡನ್ನೂ ಸುತ್ತಿಕೊಂಡು ಒದ್ದೆ ಮಣ್ಣಿದೆ. ಜಲಮಂಡಳಿ ಒಪ್ಪಿಕೊಳ್ಳುವಂತೆಯೇ ಪಂಪ್ ಮಾಡಿದ ನೀರಿನಲ್ಲಿ ಕಾಲುಭಾಗದಷ್ಟು ಲೆಕ್ಕಕ್ಕೆ ಸಿಗುವುದಿಲ್ಲ. ಅದರಲ್ಲಿ ದೊಡ್ಡ ಪಾಲು ಸೋರಿಕೆ. ಅಷ್ಟು ನೀರು ಎಲ್ಲಿಗೆ ಹೋಯಿತು? ನೆಲಕ್ಕೆ ಇಳಿಯಿತು. ಅರ್ಧ ಕಿಲೋಮೀಟರ್ ಎತ್ತರಕ್ಕೆ ವಿದ್ಯುತ್ ಸುರಿದು ಎತ್ತಿ ತಂದ ಕಾವೇರಿಯೇ ನಮ್ಮ ಬಾವಿ ಬೋರುಗಳ ಸೆಲೆಗಳಲ್ಲಿ ಒಂದಾಗಿದೆ. ದಾರಿಯಲ್ಲಿ ಅದಕ್ಕೆ ಒಳಚರಂಡಿಯ ಸೋರಿಕೆ ಸೇರಿಕೊಂಡಿರುತ್ತದೆ.

ಇದರ ತಿರುವುಮುರುವೂ ನಡೆಯುತ್ತದೆ, ಭಯಪಡಬೇಕಾದದ್ದು ಅದಕ್ಕೆ. ನಮ್ಮ ಬಡಾವಣೆಗಳಿಗೆ ನೀರು ದಿನವಿಡೀ ಬರುವುದಿಲ್ಲ. ದಿನ ಬಿಟ್ಟು ದಿನ, ಕೆಲವು ಗಂಟೆ. ಉಳಿದ ಹೊತ್ತು ಪೈಪು ಖಾಲಿ. ಖಾಲಿಯಾಗುವಾಗ ಒಳಗಿನ ಒತ್ತಡ ಬಿದ್ದು, ನೀರು ಹೊರಹೋಗುತ್ತಿದ್ದ ಅದೇ ಬಿರುಕಿನಿಂದ ಸುತ್ತಲಿನ ಮಣ್ಣಿನ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟ ಮೊದಲ ಹತ್ತು ನಿಮಿಷ ಮಬ್ಬಾಗಿ, ಒಮ್ಮೊಮ್ಮೆ ನಾತ ಹೊಡೆಯುತ್ತಾ ಬರುವುದು ಇದಕ್ಕೇ. "ಮೊದಲ್ನೇ ನೀರು ಬಿಟ್ಬಿಡಿ" ಎಂದು ಅಕ್ಕಪಕ್ಕದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ಇದಕ್ಕೇ. ರಸ್ತೆಯ ಕೆಳಗಿನ ಮಣ್ಣಿನ ನೀರು ಹೇಗಿದೆಯೋ ಕಾವೇರಿ ನಲ್ಲಿಯ ನೀರೂ ಕೊನೆಗೆ ಹಾಗೆಯೇ. ನೆಲದ ನೀರನ್ನು ಕೈಬಿಟ್ಟವರು ಕಾವೇರಿಯನ್ನೂ ಅರ್ಧ ಕೈಬಿಟ್ಟಂತೆ.

ಇನ್ನು ಸಂಪು. ಕಾವೇರಿ ಬೀಳುವ ಸಂಪಿಗೇ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೀಳುತ್ತದೆ, ಬೋರಿನ ಪೈಪೂ ಅಲ್ಲಿಗೇ ಬಿಟ್ಟಿರುತ್ತದೆ. ಎರಡು ನಲ್ಲಿಯ ಶಿಸ್ತು ಸ್ವಂತ ಮನೆಗಳಲ್ಲಿ ಉಳಿದಿರಬಹುದು. ಪಿ.ಜಿ.ಗಳಲ್ಲಿ, ದರ್ಶಿನಿಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ, ಒಂದು ಮನೆಯನ್ನು ಆರು ಬಾಡಿಗೆಯಾಗಿ ಸೀಳಿದ ಕಟ್ಟಡಗಳಲ್ಲಿ ಅದು ಎಲ್ಲಿದೆ? ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳ ಹೆಸರಿನಲ್ಲೇ ಕುಡಿಯುವ ನೀರು ಇದೆ. ಅವುಗಳಲ್ಲಿ ಹೆಚ್ಚಿನವುಗಳ ಹಿಂದೆ ಇರುವುದು ಕೊಳವೆಬಾವಿ. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಬೋರು ನಿಂತಾಗ ಈ ಘಟಕಗಳಿಗೂ ಬೀಗ ಬಿತ್ತು, ಖಾಲಿ ಕ್ಯಾನುಗಳ ಸಾಲು ಬೆಳೆಯಿತು. ಬೋರ್ ನೀರು ಬರೀ ಬಳಸೋಕಾಗಿದ್ದರೆ ಆ ಬೇಸಿಗೆಯಲ್ಲಿ ಆ ಜನ ಯಾವ ನೀರಿಗಾಗಿ ಸಾಲಿನಲ್ಲಿ ನಿಂತಿದ್ದರು? ಬಡವರ ಕುಡಿಯುವ ನೀರನ್ನು ಕುಡಿಯುವ ನೀರೆಂದು ಒಪ್ಪಿಕೊಳ್ಳದ ನೀತಿ ನಮ್ಮದು.

ದೂರದ ನೀರು ಬಂದಾಗಲೆಲ್ಲ ಹತ್ತಿರದ್ದನ್ನು ಮರೆಯುವುದು ಈ ಊರಿಗೆ ಹೊಸದಲ್ಲ. 1896ರಲ್ಲಿ ಹೆಸರಘಟ್ಟದ ನೀರು ಬಂತು. ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ಸ್ ಎಂಬ ಜಾಗದ ಹೆಸರು ಆ ಕಾಲದ ಶೋಧಕ ಘಟಕದ್ದು. ಪೇಟೆಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆ ಬತ್ತಿ ಕೊನೆಗೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ್ದು ಬಂತು, 1974ರಲ್ಲಿ ಕಾವೇರಿ ಬಂತು, ಹೆಸರಘಟ್ಟ ಮರೆತುಹೋಯಿತು. ತಿಪ್ಪಗೊಂಡನಹಳ್ಳಿಯ ಕಥೆಯನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ರಕ್ಷಣಾ ವಲಯ ಎಂಬುದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ ವಿಚಾರವಲ್ಲ ಎಂಬುದಕ್ಕೆ ಅದೇ ಸಾಕ್ಷಿ. 2003ರ ನವೆಂಬರ್‌ನಲ್ಲಿ ಸರ್ಕಾರ ಆ ಜಲಾಶಯದ ಜಲಾನಯನ ಪ್ರದೇಶವನ್ನೇ ವಲಯಗಳಾಗಿ ವಿಂಗಡಿಸಿ ಅಧಿಸೂಚನೆ ಹೊರಡಿಸಿತು. ಜಲಾಶಯದ ಅಂಚಿನಿಂದ ಎರಡು ಕಿಲೋಮೀಟರ್, ಅದಕ್ಕೆ ನೀರು ತರುವ ನದಿಯ ಇಕ್ಕೆಲಗಳಲ್ಲಿ ಒಂದು ಕಿಲೋಮೀಟರ್ ಎಂದು ಗಡಿ ಹಾಕಿ, ಅಲ್ಲಿ ಏನು ಕಟ್ಟಬಹುದು, ಏನು ಕೂಡದು ಎಂದು ಬರೆಯಿತು. ಒಳ್ಳೆಯ ಆದೇಶ ಅದು. ಆಮೇಲೆ ಭೂಮಿಯ ಬೆಲೆ ಏರಿತು, ಗಡಿಗಳನ್ನು ಸಡಿಲಿಸಲಾಯಿತು. ಜಲಾಶಯಕ್ಕೆ ಕೊಳಚೆ ನುಗ್ಗಿ ಅಲ್ಲಿಂದ ನೀರೆತ್ತುವುದನ್ನೇ ನಿಲ್ಲಿಸಬೇಕಾಯಿತು. ಆಗಲೂ ಕೇಳಿಬಂದ ಸಮಾಧಾನ ಒಂದೇ: ಕಾವೇರಿ ಇದೆಯಲ್ಲ.

ಈಗ ಕಾನೂನಿನ ಮಾತು. "ರಕ್ಷಣೆ ಆಗಲೇ ಇದೆ, 500 ಮೀಟರ್ ನಿಯಮ ಇದೆಯಲ್ಲ" ಎನ್ನುವವರಿದ್ದಾರೆ. ಇದೆ, ನಿಜ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ ಕರ್ನಾಟಕ 1999ರಲ್ಲಿ ಅಂತರ್ಜಲ ಕಾಯ್ದೆ ಮಾಡಿತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಯಾರೂ ಬಾವಿ ತೋಡಕೂಡದು ಎಂಬುದು ಅದರ ತಿರುಳು. 2011ರ ಕಾಯ್ದೆ ಅಂತರ್ಜಲ ಪ್ರಾಧಿಕಾರ, ನೋಂದಣಿ, ಪರವಾನಗಿಗಳನ್ನು ತಂದಿತು. ಆದರೆ ಕೈವಾರ ಹಿಡಿದು ಎಳೆದ ಈ 500 ಮೀಟರ್ ವೃತ್ತ ಹಳೆಯ ಬೆಂಗಳೂರಿನಲ್ಲಿ ಏನು ಮಾಡಬಲ್ಲದು?

ಅಂಥ ಒಂದು ವೃತ್ತದ ವಿಸ್ತೀರ್ಣ ಸುಮಾರು 78 ಹೆಕ್ಟೇರ್, ಎಕರೆ ಲೆಕ್ಕದಲ್ಲಿ 190ಕ್ಕೂ ಮೇಲೆ. ಚಾಮರಾಜಪೇಟೆಯಂಥ ಬಡಾವಣೆಯಲ್ಲಿ ನಾಲ್ಕಾರು ಸಾರ್ವಜನಿಕ ಬೋರುಗಳಿಗೆ ವೃತ್ತ ಎಳೆದರೆ ಒಂದರ ಮೇಲೊಂದು ಬಿದ್ದು ಇಡೀ ಬಡಾವಣೆ ಮುಚ್ಚಿಹೋಗುತ್ತದೆ. ಎಲ್ಲೆಡೆಯೂ ನಿಷೇಧ ಎಂದ ಮೇಲೆ ಎಲ್ಲಿಯೂ ಇಲ್ಲ ಎಂದೇ ಆಯಿತು, ಅನುಮತಿಗೆ ರಬ್ಬರ್ ಸ್ಟಾಂಪು ಬಿದ್ದೇ ಬೀಳುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಬೇರೆ. ಈ ನಿಯಮ ತಡೆಯುವುದು ಇನ್ನೊಂದು ಬಾವಿಯನ್ನು ಮಾತ್ರ. ಒಡೆದ ಒಳಚರಂಡಿ, ಪೆಟ್ರೋಲ್ ಬಂಕಿನ ನೆಲದೊಳಗಿನ ಟ್ಯಾಂಕು, ಪೇಟೆಯ ಗಲ್ಲಿಗಳಲ್ಲಿ ಚಿನ್ನ ಬೆಳ್ಳಿ ಕೆಲಸದವರು ಬಳಸುವ ಆಮ್ಲ, ನೆಲಮಾಳಿಗೆಗಾಗಿ ಹಗಲೂ ರಾತ್ರಿ ನೀರು ಹೊರಗೆಸೆಯುವ ಪಂಪು, ಇವು ಅದರ ಕಣ್ಣಿಗೆ ಬೀಳುವುದೇ ಇಲ್ಲ. ನೀರು ಎಷ್ಟು ಉಳಿಯಬೇಕು ಎಂದು ಕೇಳುವ ಕಾನೂನು, ಎಂಥ ನೀರು ಉಳಿಯಬೇಕು ಎಂದು ಕೇಳಲಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದದ್ದು ಯಾರೋ ಪಕ್ಕದಲ್ಲಿ ಬಾವಿ ತೋಡಿದ್ದರಿಂದ ಅಲ್ಲ.

ವೃತ್ತವೆಂಬ ಆಕಾರವೇ ನಮ್ಮ ಬಂಡೆಗೆ ಒಗ್ಗುವುದಿಲ್ಲ. ಲಾಲ್‌ಬಾಗಿನ ಬಂಡೆಯನ್ನು, ಬ್ಯೂಗಲ್ ರಾಕನ್ನು ಕಂಡವರಿಗೆ ನಾವು ಯಾವುದರ ಮೇಲೆ ಮನೆ ಕಟ್ಟಿಕೊಂಡಿದ್ದೇವೆ ಎಂಬುದು ಗೊತ್ತು. ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಎನ್ನುವ, ಸುಮಾರು 300 ಕೋಟಿ ವರ್ಷದ ಕಲ್ಲು. ಕಲ್ಲಿನ ಮೈಯಲ್ಲಿ ನೀರು ನಿಲ್ಲಲು ಜಾಗವಿಲ್ಲ. ಮೇಲೆ ಕೊಳೆತ ಕಲ್ಲಿನ ಗೊರಚಿನ ಪದರವಿದೆ, ಹಳೆಯ ತೆರೆದ ಬಾವಿಗಳ ನೀರು ಅಲ್ಲಿಯದು. ಅದರ ಕೆಳಗೆ ನೀರು ಓಡುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಯಾವ ದಿಕ್ಕಿಗೆ ಹೋಗಿದೆಯೋ ನೀರೂ ಆ ದಿಕ್ಕಿಗೇ. ಪಕ್ಕದ ಸೈಟಿನಲ್ಲಿ ಎರಡಿಂಚು ನೀರು ಬಿದ್ದಿತೆಂದು ಇಲ್ಲೂ ಬೋರು ಹೊಡೆಸಿ ಬರೀ ದೂಳು ಕಂಡ ಮನೆಗಳು ನಮ್ಮ ಬೀದಿಬೀದಿಗಳಲ್ಲಿವೆ. ಇಪ್ಪತ್ತು ಮೀಟರ್ ದೂರದ ಕೊಳಚೆ ಗುಂಡಿಯಿಂದ ಒಂದು ಬೋರಿಗೆ ಏನೂ ಆಗದಿರಬಹುದು, ಮುನ್ನೂರು ಮೀಟರ್ ದೂರದ ಒಡೆದ ಪೈಪಿನಿಂದ ಅದೇ ಬೋರು ಹಾಳಾಗಬಹುದು. ಇದನ್ನು ಊಹಿಸಿ ಹೇಳುವಂತಿಲ್ಲ, ಅಳೆದೇ ತಿಳಿಯಬೇಕು.

ಇಂಗ್ಲೆಂಡಿನಲ್ಲಿ ಕುಡಿಯುವ ನೀರಿನ ಕೊಳವೆಬಾವಿಗಳ ರಕ್ಷಣಾ ವಲಯವನ್ನು ಮುಖ್ಯವಾಗಿ ಕಾಲದ ಲೆಕ್ಕದಲ್ಲಿ ಗುರುತಿಸುತ್ತಾರೆ. ನೀರಿನ ಒಂದು ಹನಿ ಬಾವಿಗೆ ತಲುಪಲು 50 ದಿನ ಬೇಕಾಗುವ ಜಾಗದವರೆಗೆ ಒಳವಲಯ. ಅಷ್ಟರಲ್ಲಿ ರೋಗಾಣುಗಳು ಬಹುಪಾಲು ಸಾಯುತ್ತವೆ ಎಂಬುದು ಅದರ ಹಿಂದಿನ ಲೆಕ್ಕ. 400 ದಿನದವರೆಗೆ ಹೊರವಲಯ. ಅದರಾಚೆ ಆ ಬಾವಿಗೆ ನೀರು ಕೊಡುವ ಇಡೀ ನೆಲ. ಜರ್ಮನಿಯಲ್ಲೂ 50 ದಿನದ ಲೆಕ್ಕವಿದೆ. ಅಲ್ಲಿನ ಅಂಕಿಗಳನ್ನು ಇಲ್ಲಿಗೆ ಹೊತ್ತು ತರಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಬಿರುಕುಗಳಲ್ಲಿ ನೀರಿನ ಓಟ ಬೇರೆ, ಮಳೆಗಾಲಕ್ಕೂ ಬೇಸಿಗೆಗೂ ದಿಕ್ಕೇ ಬದಲಾಗಬಹುದು. ತರಬೇಕಾದದ್ದು ಅವರು ಕೇಳುವ ಪ್ರಶ್ನೆಯನ್ನು: ಈ ಬಾವಿಯ ನೀರು ಯಾವ ನೆಲದ್ದು, ಎಷ್ಟು ದಿನದ್ದು?

ಆ ಪ್ರಶ್ನೆಗೆ ಬೆನ್ನು ಹಾಕಿದರೆ ಏನಾಗುತ್ತದೆಂದು ಕೆನಡಾದ ಒಂಟಾರಿಯೋದ ವಾಕರ್ಟನ್ ಎಂಬ ಸಣ್ಣ ಊರು ತೋರಿಸಿಕೊಟ್ಟಿತು. 2000ದ ಮೇ ತಿಂಗಳಲ್ಲಿ ಅಲ್ಲಿ ಜೋರು ಮಳೆ ಸುರಿದು, ಹತ್ತಿರದ ಹೊಲಕ್ಕೆ ಹಾಕಿದ್ದ ಕೊಟ್ಟಿಗೆ ಗೊಬ್ಬರದ ರೋಗಾಣು ಬಿರುಕುಬಿಟ್ಟ ಕಲ್ಲಿನ ಮೂಲಕ ಊರಿನ ಐದನೇ ನಂಬರಿನ ಬಾವಿಗೆ ಇಳಿಯಿತು. ಏಳು ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಆ ಬಾವಿ ತೆಗೆದ ಕಾಲದಲ್ಲೇ ಸುತ್ತಲಿನ ನೆಲದ ಬಳಕೆಗೆ ಹತೋಟಿ ಬೇಕೆಂದು ತಜ್ಞರು ಬರೆದುಕೊಟ್ಟಿದ್ದರು. ಯಾರೂ ಗಡಿ ಹಾಕಲಿಲ್ಲ. ವಿಚಾರಣೆ ಮುಗಿದ ಮೇಲೆ, 2006ರಲ್ಲಿ, ಒಂಟಾರಿಯೋ ಕಾನೂನು ಮಾಡಿ ಪುರಸಭೆಗಳ ಬಾವಿಗಳಿಗೆ ರಕ್ಷಣಾ ನಕ್ಷೆ ತಯಾರಿಸಿತು. ಆ ಹೊಲದ ರೈತನದು ತಪ್ಪಿಲ್ಲವೆಂದೇ ವಿಚಾರಣೆ ಹೇಳಿತು. ತನ್ನ ಹೊಲದ ಕೆಳಗಿನಿಂದ ಊರಿನ ಬಾವಿಗೆ ದಾರಿಯಿದೆ ಎಂದು ಅವನಿಗೆ ಹೇಳುವ ನಕ್ಷೆಯೇ ಇರಲಿಲ್ಲ.

ನಮ್ಮ ಹಿತ್ತಲುಗಳಲ್ಲಿ ಅಂಥ ದಾರಿಗಳು ಎಷ್ಟಿವೆ! 1892ರಲ್ಲಿ ಚಾಮರಾಜಪೇಟೆಯನ್ನು, 1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ ಮಲ್ಲೇಶ್ವರಗಳನ್ನು ಯೋಜಿಸಿದವರು ಗಾಳಿ ಬೆಳಕು ನೈರ್ಮಲ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಯೋಜಿಸಿದರು. ಮನೆಗಳ ಹಿಂದೆ ಮಲ ಸಾಗಿಸಲೆಂದು ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಎಷ್ಟೋ ಮನೆಗಳ ಹಿತ್ತಲಲ್ಲಿ ಬಾವಿ, ಗೋಡೆಯಾಚೆ ಆ ಗಲ್ಲಿ. ಮುಂದೆ ಒಳಚರಂಡಿಯೂ ಹಲವು ಕಡೆ ಆ ಗಲ್ಲಿಯಲ್ಲೇ ಹಾದುಹೋಯಿತು. ಬಾವಿ ಬತ್ತಿದ ಮೇಲೆ ಚಪ್ಪಡಿ ಮುಚ್ಚಿದರು, ಕಸ ತುಂಬಿದರು, ಕೆಲವರು ಕೊಳಚೆಯನ್ನೇ ಅದಕ್ಕೆ ತಿರುಗಿಸಿದರು. ನೀರು ಬಾರದೆ ಬಿಟ್ಟ ಬೋರುಗಳೂ ಹಾಗೆಯೇ. ಕೇಸಿಂಗ್ ಸುತ್ತ ಸಿಮೆಂಟ್ ಸರಿಯಾಗಿ ಕೂಡಿಸದ ಒಂದೊಂದು ಹಳೆಯ ಬೋರೂ ಬೀದಿಯ ಕೊಳೆಯನ್ನು ನೂರಾರು ಅಡಿ ಕೆಳಗಿನ ಸೆಲೆಗೆ ನೇರ ಇಳಿಸುವ ಕೊಳವೆ. ಇವು ಎಲ್ಲೆಲ್ಲಿವೆ ಎಂದು ತೋರಿಸುವ ನಕ್ಷೆ ಯಾರ ಗೋಡೆಯ ಮೇಲೂ ಇಲ್ಲ.

ಹೀಗಿರುವಾಗ ಇಂಗುಗುಂಡಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಪರಿಸರದ ಗೆಳೆಯರಿಗೆ ಬೇಸರವಾದರೂ ಚಿಂತೆಯಿಲ್ಲ. ಮಳೆನೀರು ಸಂಗ್ರಹವನ್ನು 2009ರಲ್ಲಿ ಕಡ್ಡಾಯ ಮಾಡಿದ್ದು ಈ ಊರು ಮಾಡಿದ ಒಳ್ಳೆಯ ಕೆಲಸ. ಹತ್ತು ಲಕ್ಷ ಇಂಗುಬಾವಿಗಳ ಅಭಿಯಾನ, ಅದರಲ್ಲಿ ಬಾವಿ ತೋಡುವ ಕಸುಬಿನ ಮಣ್ಣು ವಡ್ಡರಿಗೆ ಮರಳಿ ಸಿಕ್ಕ ಕೆಲಸ ಮತ್ತು ಗೌರವ, ಕಬ್ಬನ್ ಪಾರ್ಕಿನ ಏಳು ಹಳೆಯ ಬಾವಿಗಳಿಗೆ ಮರಳಿ ಬಂದ ನೀರು, ಇವೆಲ್ಲ ನಾನು ಹೆಮ್ಮೆಪಡುವ ಸಂಗತಿಗಳು. ಆದರೆ ತಾರಸಿಯ ನೀರು ಬೇರೆ, ರಸ್ತೆಯ ನೀರು ಬೇರೆ. ಎಲ್ಲಿ ಇಂಗಿಸಬಹುದು, ಎಲ್ಲಿ ಕೂಡದು ಎಂಬ ನಕ್ಷೆಯಿಲ್ಲದೆ, ಎಣ್ಣೆ ಟೈರುಪುಡಿ ಚರಂಡಿ ಎಲ್ಲ ತೊಳೆದುಕೊಂಡು ಬಂದ ರಸ್ತೆಯ ನೀರನ್ನು ನೇರ ಬೋರಿಗೆ ಬಿಡುವುದು ಜಲಮರುಪೂರಣವಲ್ಲ. ಅದು ಕುಡಿಯುವ ನೀರಿಗೆ ವಿಷ ಹಾಕುವ ಕೆಲಸ. ಎಷ್ಟು ಇಂಗಿಸಿದೆವು ಎಂಬ ಲೆಕ್ಕವನ್ನು ಎಲ್ಲರೂ ಕೊಡುತ್ತಾರೆ. ಏನನ್ನು ಇಂಗಿಸಿದೆವು ಎಂಬುದನ್ನೂ ಅಷ್ಟೇ ನಿಷ್ಠೆಯಿಂದ ಕೇಳಬೇಕು.

"ಆರ್‌ಒ ಇದೆಯಲ್ಲ" ಎಂಬ ಉತ್ತರಕ್ಕೆ ಹೆಚ್ಚು ಹೊತ್ತು ಬೇಡ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಎಳೆಕೂಸುಗಳಿಗೆ ಅದು ಅಪಾಯ. ಆರ್‌ಒ ಯಂತ್ರ ಅದನ್ನು ತಗ್ಗಿಸುತ್ತದೆ, ಮೆಂಬ್ರೇನನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಮಾತ್ರ. ಎತ್ತಿದ ನೀರಿನಲ್ಲಿ ದೊಡ್ಡ ಪಾಲನ್ನು ಚರಂಡಿಗೆ ಚೆಲ್ಲಿದರೆ ಮಾತ್ರ. ಬತ್ತುತ್ತಿರುವ ಸೆಲೆಯನ್ನು ಕೆಡಿಸಿ, ಕೆಟ್ಟದ್ದನ್ನು ತೊಳೆಯಲು ಅದೇ ಸೆಲೆಯನ್ನು ಇನ್ನಷ್ಟು ಬತ್ತಿಸುವುದನ್ನು ಪರಿಹಾರ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಇನ್ನುಳಿದದ್ದು ಆಸ್ತಿಯ ಅಳುಕು. ವಲಯ ಗುರುತಿಸಿದರೆ ನಮ್ಮ ಸೈಟಿನ ಬೆಲೆ ಬೀಳುತ್ತದೆ, ಪ್ಲಾನ್ ಸ್ಯಾಂಕ್ಷನ್ ಆಗುವುದಿಲ್ಲ ಎಂಬ ಭಯ. ಅದರ ಬೇರು 1882ರ ಈಸ್‌ಮೆಂಟ್ಸ್ ಕಾಯ್ದೆಯವರೆಗೆ ಇಳಿದಿದೆ: ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದೊಳಗಿನ ನೀರನ್ನು ತನ್ನ ಗಡಿಯೊಳಗೆ ತೆಗೆದುಕೊಳ್ಳುವುದು ಭೂಮಾಲೀಕನ ಹಕ್ಕು ಎಂದು ಆ ಕಾಯ್ದೆ ಬರೆದಿಟ್ಟಿತು. ಒಬ್ಬರ ಬಚ್ಚಲಿನ ಸೋರಿಕೆ ಇನ್ನೊಬ್ಬರ ಬೋರಿನಲ್ಲಿ ಬರುವ ಊರಿನಲ್ಲಿ ಈ ಹಕ್ಕಿಗೆ ಏನರ್ಥ? 40x60 ಸೈಟಿನ ಬೇಲಿ ನೆಲದ ಮೇಲಷ್ಟೇ ಇದೆ. ಮತ್ತು ರಕ್ಷಣಾ ವಲಯ ಎಂದರೆ ಮನೆ ಕಟ್ಟಬೇಡಿ ಎಂದಲ್ಲ. ಒಳವಲಯದಲ್ಲಿ ಒಳಚರಂಡಿ ಪೈಪನ್ನು ಮೊದಲು ಬದಲಿಸಿ, ಹಾಳುಬಾವಿ ಹಾಳುಬೋರುಗಳನ್ನು ಸರಿಯಾಗಿ ಮುಚ್ಚಿ, ಹೊಸ ಬಂಕಿಗೆ ಆಮ್ಲದ ಕೆಲಸಕ್ಕೆ ಪರವಾನಗಿ ಕೊಡಬೇಡಿ, ಎರಡು ಮೂರು ಅಂತಸ್ತು ಕೆಳಗಿಳಿಯುವ ನೆಲಮಾಳಿಗೆಗೆ ಮೊದಲು ನೀರಿನ ಓಟ ಅಳೆಯಿರಿ ಎಂದು. ಕೆರೆಗೆ, ರಾಜಕಾಲುವೆಗೆ ಬಫರ್ ಎಷ್ಟಿರಬೇಕೆಂದು ಸುಪ್ರೀಂ ಕೋರ್ಟಿನವರೆಗೆ ಹೋದೆವು. ಹಸಿರು ನ್ಯಾಯಮಂಡಳಿ ಹೇಳಿದ್ದ 75 ಮೀಟರ್ 2019ರ ಮಾರ್ಚ್‌ನಲ್ಲಿ ಅಲ್ಲಿ ಬಿದ್ದುಹೋಯಿತು. ಕಣ್ಣಿಗೆ ಕಾಣುವ ನೀರಿಗಾದರೂ ಅಷ್ಟು ಜಗಳ ನಡೆಯಿತು. ಕಾಣದ ನೀರಿಗೆ ಜಗಳವೂ ಇಲ್ಲ.

ನಕ್ಷೆ ಕಷ್ಟ ಎನ್ನುತ್ತಾರೆ. ಕೇಂದ್ರ ಅಂತರ್ಜಲ ಮಂಡಳಿಯ ಜಲಧರ ನಕ್ಷೆಗಳು 1:50,000 ಅಳತೆಯವು. ಅದರಲ್ಲಿ ಎರಡು ಕಿಲೋಮೀಟರಿನ ಬಡಾವಣೆ ನಾಲ್ಕು ಸೆಂಟಿಮೀಟರ್ ಆಗುತ್ತದೆ, ಬೀದಿಯ ಪೈಪು ಅದರಲ್ಲಿ ಹಿಡಿಸುವುದಿಲ್ಲ. ನಮಗೆ ಬೇಕಾದದ್ದು ಬೀದಿ ಮಟ್ಟದ್ದು. ಅದಕ್ಕೆ ಬೇಕಾದ ಬಹುಪಾಲು ಸಾಮಗ್ರಿ ಈ ಊರಿನಲ್ಲೇ ಇದೆ. ಒಳಚರಂಡಿಯ ನಕ್ಷೆ, ಬೋರುಗಳ ನೋಂದಣಿ ಜಲಮಂಡಳಿಯ ಬಳಿ. ಅಂತರ್ಜಲ ಮಟ್ಟದ ಮುನ್ಸೂಚನೆಗೆ ಜಲಮಂಡಳಿ ಐಐಎಸ್‌ಸಿಯ ನೆರವನ್ನು ಆಗಲೇ ಪಡೆಯುತ್ತಿದೆ. ಮಟ್ಟದ ಜೊತೆಗೆ ಗುಣವನ್ನೂ ಓಟವನ್ನೂ ಅಳೆಯಿರಿ ಎಂದು ಕೇಳಬೇಕಷ್ಟೇ. ರಾಜ್ಯದ ಅಂತರ್ಜಲ ಶೋಧಕ್ಕೆ ದಾರಿ ಹಾಕಿದ ಬಿ.ಪಿ. ರಾಧಾಕೃಷ್ಣ ಅವರು ಕಟ್ಟಿ ಬೆಳೆಸಿದ ಭಾರತೀಯ ಭೂವೈಜ್ಞಾನಿಕ ಸಂಘದ ಕಚೇರಿ ಗವಿಪುರದಲ್ಲೇ ಇದೆ, ಬಸವನಗುಡಿಯಿಂದ ನಡೆದು ಹೋಗುವಷ್ಟು ಹತ್ತಿರ. ಯಾವ ಬೀದಿಯಲ್ಲಿ ಎಷ್ಟು ಅಡಿಗೆ ಗೊರಚು ಮುಗಿದು ಕಲ್ಲು ಸಿಗುತ್ತದೆ, ಸೆಲೆ ಯಾವ ಕಡೆಯಿಂದ ಒಸರುತ್ತದೆ ಎಂಬುದನ್ನು ಬಾವಿಯೊಳಗೆ ಇಳಿದ ಮಣ್ಣು ವಡ್ಡರು ಬಾಯಲ್ಲೇ ಹೇಳುತ್ತಾರೆ. ಅವರ ಮಾತನ್ನು ಸಂಬಳ ಕೊಟ್ಟು ಬರೆದುಕೊಳ್ಳಬೇಕು.

ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥದಿಂದ ಎನ್ನುತ್ತೇನೆ. 1990ರ ದಶಕದ ಕೊನೆಯಲ್ಲಿ ಮಣ್ಣು ತೆಗೆದಾಗ ಬೆಳಕಿಗೆ ಬಂದ ಆ ಕಲ್ಯಾಣಿಯಲ್ಲಿ ನಂದಿಯ ಬಾಯಿಂದ ನೀರು ಬಿಡದೆ ಶಿವಲಿಂಗದ ಮೇಲೆ ಬೀಳುತ್ತದೆ. ಭಕ್ತರು ಅದನ್ನು ತೀರ್ಥವೆಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದು ಎಲ್ಲಿಂದ ಬರುತ್ತದೋ ದೇವರೇ ಬಲ್ಲ ಎಂದು ಎಲ್ಲರೂ ಕೈಮುಗಿಯುತ್ತಾರೆ. ನಾನೂ ಕೈಮುಗಿಯುತ್ತೇನೆ. ಆದರೆ ನೀರಿನ ರಾಸಾಯನಿಕ ಪರೀಕ್ಷೆ, ಸುತ್ತಲಿನ ಬಾವಿಗಳ ಮಟ್ಟ, ಬಣ್ಣ ಹಾಕಿ ಓಟ ನೋಡುವ ಸರಳ ವಿಧಾನಗಳಿಂದ ಆ ನೀರಿನ ನೆಲ ಯಾವುದೆಂದು ಮನುಷ್ಯರೂ ಬಹುಪಾಲು ತಿಳಿಯಬಹುದು. ತಿಳಿದ ಮೇಲೆ ಆ ಬೀದಿಗಳ ಮನೆಯವರಿಗೆ ಹೇಳಬೇಕು: ನಿಮ್ಮ ಮನೆಯ ಮುಂದಿನ ಮ್ಯಾನ್‌ಹೋಲು ಉಕ್ಕಿದರೆ ಅದು ಈ ತೀರ್ಥಕ್ಕೆ ಇಳಿಯುತ್ತದೆ. ಮಲ್ಲೇಶ್ವರದವರು ಈ ಮಾತನ್ನು ಕೇಳಿಸಿಕೊಂಡು ಸುಮ್ಮನಿರುವವರಲ್ಲ ಎಂದು ನನಗೆ ನಂಬಿಕೆಯಿದೆ.

ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ನಗರದ 2031ರ ಮಹಾಯೋಜನೆಯ ಕರಡನ್ನು ಹಿಂದಕ್ಕೆ ಪಡೆದು ವರ್ಷಗಳಾದವು, ಹೊಸದನ್ನು ಬರೆಯಲೇಬೇಕು. ಆ ಯೋಜನೆಯ ಬಣ್ಣದ ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಇರುವಂತೆ ಕುಡಿಯುವ ನೀರಿನ ನೆಲಕ್ಕೂ ಒಂದು ಬಣ್ಣ ಇರಬೇಕು. ಕರಡು ಆಕ್ಷೇಪಣೆಗೆ ಬಂದ ದಿನ ಬಸವನಗುಡಿಯವರೂ ಮಲ್ಲೇಶ್ವರದವರೂ ಚಾಮರಾಜಪೇಟೆಯವರೂ ಮೊದಲು ಹುಡುಕಬೇಕಾದದ್ದು ಆ ಬಣ್ಣವನ್ನು. ಅದಿಲ್ಲದಿದ್ದರೆ ಬರೆದು ಕೊಡಬೇಕಾದ ಆಕ್ಷೇಪಣೆಯೂ ಅದೇ.